ಹಾರಿಸದ ಪಿಸ್ತೂಲಿನ ಐದು ಗುಂಡುಗಳು

ನಮ್ಮ ಮನೆಯ ಟಿವಿ ರಿಮೋಟಿಗೆ ಇವತ್ತಿಗೂ ಅಂಗಡಿಯಿಂದ ಬಂದಾಗಿನ ಪ್ಲಾಸ್ಟಿಕ್ ಹೊದಿಕೆ ಹಾಗೇ ಇದೆ. ಟಿವಿ ಬಂದು ಏಳು ವರ್ಷವಾಯಿತು. ಪ್ಲಾಸ್ಟಿಕ್ಕು ಹಳದಿಗಟ್ಟಿ, ಒಳಗಿನ ಅಂಕಿಗಳು ಕಾಣದೆ, ಸುದ್ದಿ ನೋಡಲು ಕೂತವರು ಎಷ್ಟೋ ಸಲ ಯಾರದೋ ಅಡುಗೆ ಕಾರ್ಯಕ್ರಮದೊಳಗೆ ಹೋಗಿ ಬಿದ್ದಿದ್ದೇವೆ. ಹೋದ ವಾರ ನಾನು ಕತ್ತರಿ ಹಿಡಿದು ಅದನ್ನು ಬಿಚ್ಚಲು ಹೋದರೆ ನನ್ನ ಗಂಡ ಮುರಳಿ ಸೋಫಾದಿಂದಲೇ ಕೈ ಎತ್ತಿದರು.

"ಅದ್ಯಾಕೆ ಕಿತ್ತಾಕ್ತೀಯ? ಚೆನ್ನಾಗಿದೆಯಲ್ಲ, ಇರ್ಲಿ ಬಿಡು."

"ಚೆನ್ನಾಗಿರೋದು ಒಳಗಿನ ರಿಮೋಟು. ನಾವು ದಿನಾ ಮುಟ್ತಿರೋದು ಹೊರಗಿನ ಕೊಳೆ" ಎಂದೆ. ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲವೋ. ಕತ್ತರಿ ವಾಪಸ್ ಡ್ರಾಯರಿಗೆ ಹೋಯಿತು.

ಅವರನ್ನು ಅಂದು ಏನು ಪ್ರಯೋಜನ? ನಾನು ಬೆಳೆದದ್ದೂ ಅಂಥದೇ ಮನೆಯಲ್ಲಿ. ಮೈಸೂರಿನಲ್ಲಿ ನಮ್ಮ ಹಾಲ್‌ನಲ್ಲಿ ಗಾಜಿನ ಬಾಗಿಲಿನ ಷೋಕೇಸೊಂದಿತ್ತು. ಅದರೊಳಗೆ ಪಿಂಗಾಣಿಯ ಆರು ಕಪ್ಪು, ಆರು ಸಾಸರು, ಬಂಗಾರದ ಅಂಚು. ಯಾರಾದರೂ ದೊಡ್ಡವರು ಬಂದಾಗ ಅದರಲ್ಲಿ ಕಾಫಿ ಕೊಡಬೇಕೆಂದು ಅಮ್ಮ ಇಟ್ಟದ್ದು. ಬಂದವರೆಲ್ಲ ಅಮ್ಮನ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪ ಸಣ್ಣವರೇ ಆಗಿರುತ್ತಿದ್ದರು. ಒಮ್ಮೆ ಅಪ್ಪನ ಆಫೀಸಿನ ಮೇಲಧಿಕಾರಿಯೇ ಬಂದುಬಿಟ್ಟರು. ಅಮ್ಮ ಷೋಕೇಸಿನ ಬೀಗ ತೆಗೆದು, ಕಪ್ಪುಗಳನ್ನು ತೊಳೆದು, ಒರೆಸಿ, ತಟ್ಟೆಯಲ್ಲಿ ಜೋಡಿಸಿದ ಮೇಲೆ ಧೈರ್ಯ ಸಾಲದೆ ಸ್ಟೀಲ್ ಲೋಟದಲ್ಲೇ ಕಾಫಿ ಕೊಟ್ಟಳು. ಅವರು ಹೋದ ಮೇಲೆ, "ಪಾಪ, ಅವರ ಕೈ ಸ್ವಲ್ಪ ನಡುಗ್ತಿತ್ತು, ನೋಡಿದ್ಯಾ?" ಎಂದು ಸಮಜಾಯಿಷಿ ಕೊಟ್ಟಳು. ನಾನು ನೋಡಿದ್ದೆ. ನಡುಗುತ್ತಿದ್ದದ್ದು ಅಮ್ಮನ ಕೈ.

ಇಷ್ಟೆಲ್ಲ ಹೇಳುತ್ತಿರುವುದು ಒಂದು ಪಿಸ್ತೂಲಿನ ಸಲುವಾಗಿ. ಗಾಬರಿಯಾಗಬೇಡಿ. ಐವತ್ತು ದಾಟಿದ, ಮಂಡಿ ನೋವಿಗೆ ಬೆಳಿಗ್ಗೆ ಎಣ್ಣೆ ಹಚ್ಚಿಕೊಳ್ಳುವ ಹೆಂಗಸಿನ ಬಾಯಲ್ಲಿ ಪಿಸ್ತೂಲು ಎಂಬ ಮಾತು ಒಗ್ಗುವುದಿಲ್ಲ ಎಂದು ನನಗೂ ಗೊತ್ತು.

ನಾನು ಕತಾರಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಮೊದಲು ಅಲ್ ಖೋರ್‌ನಲ್ಲಿ, ಮುರಳಿಯ ಕಂಪನಿ ಕೊಟ್ಟ ಮನೆಯಲ್ಲಿದ್ದೆವು. ಅವರ ಬಸ್ಸು ಬೆಳಿಗ್ಗೆ ಐದೂವರೆಗೆ ಹೊರಟರೆ ನನಗೆ ಸಂಜೆಯ ತನಕ ಸಮುದ್ರ, ಗೋಡೆ ಮತ್ತು ಏಸಿಯ ಸದ್ದು. ಅಲ್ ರಯ್ಯಾನ್‌ಗೆ ಮನೆ ಬದಲಿಸಿದ ಮೇಲೆ ದೋಹಾದ ಮುಶೈರಿಬ್‌ನ ಒಂದು ಸಣ್ಣ ಟ್ರೇಡಿಂಗ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಡಾಕ್ಯುಮೆಂಟ್ ಕಂಟ್ರೋಲರ್ ಎಂದರೆ ಕಾಗದಗಳನ್ನು ಕಾಯುವವಳು. ಬಂದ ಕಾಗದಕ್ಕೆ ನಂಬರು ಕೊಡುವುದು, ತಪ್ಪಿದ್ದರೆ ತಿದ್ದುವುದು, ಕೇಳಿದಾಗ ಹುಡುಕಿ ಕೊಡುವುದು. ಹದಿನಾರು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಪಕ್ಕದ ಮೇಜಿನ ಅಕೌಂಟೆಂಟ್ ಲಾರೆನ್ಸ್, ಉಡುಪಿ ಕಡೆಯವರು, ನನಗಿಂತ ಎರಡು ವರ್ಷ ಹಿರಿಯ ನೌಕರ.

ಕಂಪನಿಯ ಯಜಮಾನರು ಸೈನ್ಯದಲ್ಲಿದ್ದು ನಿವೃತ್ತರಾದ ಕತಾರಿ. ಎಲ್ಲರೂ ಅಬೂ ಹಮದ್, ಅಂದರೆ ಹಮದನ ಅಪ್ಪ, ಎನ್ನುತ್ತಿದ್ದರು. ಮುಂಬಯಿ ವ್ಯಾಪಾರಿಗಳಿಂದ ಕಲಿತ ಹಿಂದಿಯಲ್ಲಿ ನಮ್ಮೊಡನೆ ಮಾತು. ಆಫೀಸಿನ ಕಿಟಕಿಯಲ್ಲಿ ನಿಂತು ಕೆಳಗೆ ಹೋಗುವ ಟ್ರಾಮ್ ತೋರಿಸಿ, "ನಾನು ಹುಟ್ಟಿದ ಮನೆ ಅಲ್ಲಿತ್ತು ಸಿಸ್ಟರ್, ಆ ಹಳಿಯ ಮೇಲೆ" ಎನ್ನುತ್ತಿದ್ದರು. ಹಳೆಯ ಕಠಾರಿ, ಕತ್ತಿ, ಕೈಗಡಿಯಾರ ಕೂಡಿಡುವ ಹುಚ್ಚು ಅವರಿಗೆ. ವರ್ಷಕ್ಕೊಮ್ಮೆ ನಾನೂ ಲಾರೆನ್ಸೂ ಅವರ ಮನೆಯ ಮಜ್ಲಿಸ್‌ಗೆ, ಅಂದರೆ ಅತಿಥಿಗಳ ಕೋಣೆಗೆ ಹೋಗಿ, ಆ ಸಂಗ್ರಹದ ಪಟ್ಟಿ ತಾಳೆ ನೋಡಿ, ಲೈಸೆನ್ಸ್ ಕಾಗದಗಳನ್ನು ಸರಿಪಡಿಸಿ ಬರಬೇಕು.

ಅಲ್ಲಿ ನಾನು ಅದನ್ನು ಮೊದಲ ಸಲ ನೋಡಿದ್ದು. ಆಕ್ರೋಟ್ ಮರದ ಪೆಟ್ಟಿಗೆ, ಒಳಗೆ ಹಸಿರು ಮಖಮಲ್ಲು, ಅದರಲ್ಲಿ ಒಂದು ನೈನ್ ಎಂಎಂ ಪಿಸ್ತೂಲು. ಮೇಲಿನ ಉಕ್ಕಿನ ಭಾಗದ ಮೇಲೆ ರೆಕ್ಕೆ ಬಿಚ್ಚಿದ ಗಿಡುಗದ ಕೆತ್ತನೆ, ಹಿಡಿಗೂ ಆಕ್ರೋಟ್ ಮರ. ಯುರೋಪಿನ ಯಾವುದೋ ಕಾರ್ಖಾನೆ ಇಂಥವನ್ನು ನೂರೇ ನೂರು ಮಾಡಿ ಅಚ್ಚು ಒಡೆದುಹಾಕಿತ್ತಂತೆ. ಇದು ನಲವತ್ತೊಂದನೆಯದು. ಕಾರ್ಖಾನೆಯ ಪರೀಕ್ಷೆ ಬಿಟ್ಟರೆ ಒಂದೂ ಗುಂಡು ಹಾರಿಸಿರಲಿಲ್ಲ.

ನಾನು ಪಟ್ಟಿ ಬರೆಯುವುದನ್ನು ಬಿಟ್ಟು ಅದರ ಮೇಲೆ ಬಗ್ಗಿದೆ. "ಸರ್, ಇದನ್ನ ಬರಿಗೈಯಲ್ಲಿ ಮುಟ್ಟಿದ್ದಾರೆ. ಬೆರಳಿನ ಗುರುತಿನ ಮೇಲೇ ತುಕ್ಕು ಹಿಡೀತಿದೆ. ದೋಹಾದ ಆಗಸ್ಟ್ ತಿಂಗಳ ಗಾಳಿಗೆ ಎಣ್ಣೆ ಹಾಕದೆ ಇಟ್ರೆ ಕೆತ್ತನೆ ಹೋಗುತ್ತೆ."

ಅಬೂ ಹಮದ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಕಾಟನ್ ಸೀರೆ, ಕನ್ನಡಕ, ಕೈಯಲ್ಲಿ ರೈಟಿಂಗ್ ಪ್ಯಾಡು. "ನಿನಗೆ ಹೇಗೆ ಗೊತ್ತು?"

"ಕಾಲೇಜಿನಲ್ಲಿ ಯೂನಿವರ್ಸಿಟಿ ಟೀಮಿಗೆ ಪಿಸ್ತೂಲ್ ಶೂಟ್ ಮಾಡ್ತಿದ್ದೆ ಸರ್."

"ವಲ್ಲಾಹ್?" ಎಂದು ತೊಡೆ ತಟ್ಟಿಕೊಂಡು ನಕ್ಕರು. ಲಾರೆನ್ಸ್ ಬಾಯಿ ತೆರೆದವರು ಮುಚ್ಚಲೇ ಇಲ್ಲ.

ಸುಳ್ಳಲ್ಲ. ಎನ್‌ಸಿಸಿಯ ರೈಫಲಿನಿಂದ ಶುರುವಾಗಿ ರೈಫಲ್ ಕ್ಲಬ್ಬಿನ ಪಿಸ್ತೂಲಿಗೆ ಬಂದವಳು ನಾನು. ಕಲಿಸುತ್ತಿದ್ದವರು ಒಬ್ಬ ಹವಾಲ್ದಾರರು. ಬೀಡಿ ವಾಸನೆಯ ಅವರು ನಮ್ಮ ಹಿಂದೆ ನಿಂತು, "ಕೈಯಲ್ಲಿ ಹಕ್ಕಿ ಮರಿ ಹಿಡಿದಿದ್ದೀಯ ಅಂದ್ಕೋ. ಹಾರಿಹೋಗ್ಬಾರ್ದು, ಸಾಯಲೂಬಾರ್ದು" ಎನ್ನುತ್ತಿದ್ದರು. ಕ್ಲಬ್ಬಿನಲ್ಲಿದ್ದದ್ದು ಒಂದೇ ಹಳೆಯ ಪಾಯಿಂಟ್ ಟೂಟೂ, ಸಣ್ಣ ಗುಂಡಿನ ಪಿಸ್ತೂಲು. ಗುಂಡು ಮಿತವಾಗಿ ಸಿಗುತ್ತಿದ್ದದ್ದರಿಂದ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಯನ್ನು ಚಾಚಿದ ಕೈಯಲ್ಲಿ ಹಿಡಿದು ಗಡಿಯಾರ ನೋಡುತ್ತ ನಿಲ್ಲುತ್ತಿದ್ದೆ. ಹಾಗೆ ನಿಂತು ನಿಂತು ರಾಜ್ಯದ ತಂಡಕ್ಕೂ ಹೋದೆ. ದೆಹಲಿಯ ತರಬೇತಿ ಶಿಬಿರಕ್ಕೆ ಬರುವಂತೆ ಕಾಗದ ಬಂತು. ಅದೇ ತಿಂಗಳು ಕತಾರಿನ ವರ ಬಂದದ್ದು. ಜಾತಕದ ಜೊತೆ ಕೊಡುವ ಬಯೋಡಾಟಾದಲ್ಲಿ ನಾನು ಹವ್ಯಾಸದ ಮುಂದೆ 'ಪಿಸ್ತೂಲ್ ಶೂಟಿಂಗ್' ಎಂದು ಬರೆದಿದ್ದೆ. ಅಮ್ಮ ಅದನ್ನು ಹೊಡೆದುಹಾಕಿ 'ಕಸೂತಿ' ಎಂದು ಮಾಡಿದಳು. ನನಗೆ ಸೂಜಿಗೆ ದಾರ ಪೋಣಿಸುವುದು ಬಿಟ್ಟರೆ ಕಸೂತಿಯಲ್ಲಿ ಮತ್ತೇನೂ ಬರುತ್ತಿರಲಿಲ್ಲ.

ಯಾರೂ ನನ್ನನ್ನು ಕೈಕಾಲು ಕಟ್ಟಿ ವಿಮಾನ ಹತ್ತಿಸಲಿಲ್ಲ. ಇದನ್ನು ಒಪ್ಪಿಕೊಳ್ಳಬೇಕು. ಗಲ್ಫ್ ಎಂದರೆ ಬಂಗಾರ, ಏಸಿ, ಪರದೇಶ ಎಂದು ನಾನೂ ಹಲ್ಲು ಕಿರಿದುಕೊಂಡೇ ಬಂದೆ. ಶಿಬಿರದ ಕಾಗದವನ್ನು ಮಡಚಿ ಸೂಟ್‌ಕೇಸಿನ ತಳದಲ್ಲಿಟ್ಟುಕೊಂಡೆ, ಅದು ಮುಂದಿನ ವರ್ಷಕ್ಕೂ ನಡೆಯುತ್ತದೆ ಎಂಬಂತೆ. ಅಷ್ಟು ದಡ್ಡಿ.

ಆ ದಿನದಿಂದ ಪಿಸ್ತೂಲಿಗೆ ಎಣ್ಣೆ ಹಾಕುವ ಕೆಲಸ ನನ್ನದಾಯಿತು. ಬಿಳಿ ಹತ್ತಿಯ ಗ್ಲೌಸ್ ಹಾಕಿಕೊಂಡು ವರ್ಷಕ್ಕೊಮ್ಮೆ ಒರೆಸುವುದು. ಪ್ರತಿ ವರ್ಷವೂ ಅದೇ ಪ್ರಶ್ನೆ. ಅಬೂ ಹಮದ್ ಗಾಹ್ವಾ, ಅಂದರೆ ಅರಬ್ಬಿ ಕಾಫಿ, ಕುಡಿಯುತ್ತ ಪೆಟ್ಟಿಗೆಯನ್ನೇ ದಿಟ್ಟಿಸಿ ಕೇಳುವರು: "ಇದನ್ನು ಹಾರಿಸಬೇಕೋ, ಹೀಗೇ ಇಡಬೇಕೋ?"

ಲಾರೆನ್ಸರ ಉತ್ತರ ತಯಾರಾಗಿರುತ್ತಿತ್ತು. ಯಜಮಾನರಿಗೆ ಹಿಂದಿಯಲ್ಲಿ ಹೇಳಿ, ನನಗೆ ಕನ್ನಡದಲ್ಲಿ ವಿವರಿಸುವರು. "ಒಂದು ಗುಂಡು ಬಿಟ್ರೆ ಮುಗೀತು ಮೇಡಂ, ಸೆಕೆಂಡ್ ಹ್ಯಾಂಡ್ ಆಯ್ತಲ್ಲ ಮತ್ತೆ. ಶೋರೂಮಿಂದ ಕಾರು ರೋಡಿಗೆ ಇಳಿದ ಹಾಗೆ. ನೂರರಲ್ಲಿ ಒಂದು ಉಂಟು, ಅದನ್ನು ಹಾಳು ಮಾಡುದು ಎಂತಕ್ಕೆ?"

"ಸಿಸ್ಟರ್ ವಸುಧಾ ಏನು ಹೇಳುತ್ತಾಳೆ?"

ನಾನು ಮೊದಮೊದಲು ಸುಮ್ಮನಿರುತ್ತಿದ್ದೆ. ಒಂದು ವರ್ಷ ಬಾಯಿ ತಡೆಯಲಿಲ್ಲ. "ಸರ್, ಇದರ ಒಳಗಿನ ಒಂದೊಂದು ಸ್ಪ್ರಿಂಗನ್ನೂ ಯಾರೋ ಹಾರಿಸಲಿ ಅಂತಲೇ ಕೂರಿಸಿದ್ದಾರೆ. ನೋಡೋಕಷ್ಟೇ ಆಗಿದ್ರೆ ಚಿತ್ರ ಸಾಕಿತ್ತು."

ಅವರು ಪೆಟ್ಟಿಗೆಯ ಮುಚ್ಚಳ ಮುಚ್ಚಿದರು. ಆಮೇಲೆ, "ಸರಿ. ಒಂದು ಒಳ್ಳೆಯ ದಿನ ಬರಲಿ. ಆಗ ಯಲ್ಲಾ, ಹೋಗೋಣ" ಎಂದರು.

ಒಳ್ಳೆಯ ದಿನಗಳು ಬಂದವು. ಹಿರಿಯ ಮಗ ಹಮದ್ ಪರದೇಶದಲ್ಲಿ ಓದು ಮುಗಿಸಿ ಬಂದ, ಮದುವೆಯಾಯಿತು, ಮೊಮ್ಮಗ ಹುಟ್ಟಿದ. ಪ್ರತಿ ಸಲವೂ ಇದಕ್ಕಿಂತ ಒಳ್ಳೆಯದೊಂದು ದಿನ ಮುಂದಿದೆ ಎಂದು ಅವರಿಗೆ ಅನ್ನಿಸುತ್ತಿತ್ತು. ಆಮೇಲೆ ಅವರ ಬಲಗೈ ನಡುಗತೊಡಗಿತು. ಮೊದಲು ಹೆಬ್ಬೆರಳು, ಆಮೇಲೆ ಮಣಿಕಟ್ಟು. ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು, ಮಾತ್ರೆ ಕೊಟ್ಟರು. ಗಾಹ್ವಾದ ಪುಟ್ಟ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದರೂ ತುಳುಕುತ್ತಿತ್ತು.

ಮೂರು ವರ್ಷದ ಹಿಂದಿನ ಜನವರಿ. ಬೆಳಿಗ್ಗೆ ಹತ್ತರ ಸುಮಾರಿಗೆ ಆಫೀಸಿಗೆ ಫೋನು ಬಂತು. "ಸಿಸ್ಟರ್, ಲಾರೆನ್ಸನ್ನು ಕರೆದುಕೊಂಡು ಕೆಳಗೆ ಬಾ. ಕಾರಿನಲ್ಲಿದ್ದೇನೆ." ಹಿಂದಿನ ಸೀಟಿನಲ್ಲಿ ಅವರ ಪಕ್ಕ, ಮಗುವನ್ನು ಕೂರಿಸಿದ ಹಾಗೆ, ಆ ಪೆಟ್ಟಿಗೆ. ಊರ ಹೊರಗಿನ ಶೂಟಿಂಗ್ ರೇಂಜಿಗೆ ಹೋದೆವು. ಅಲ್ಲಿನ ಮೇಲ್ವಿಚಾರಕರು ಅವರೊಡನೆ ಸೈನ್ಯದಲ್ಲಿದ್ದವರು. ಒಳಗೆ ಹೋದೊಡನೆ ಮದ್ದಿನ ವಾಸನೆ ಮೂಗಿಗೆ ಹೊಡೆಯಿತು. ನನಗೆ ಕಣ್ಣಲ್ಲಿ ನೀರು ಬಂತು. ಧೂಳು ಎಂದೆ ಲಾರೆನ್ಸ್‌ಗೆ. ಅಲ್ಲಿ ಒಂದು ಚಿಟಿಕೆ ಧೂಳಿರಲಿಲ್ಲ.

ಅಬೂ ಹಮದ್ ಕಿವಿಗೆ ಕವಚ ಹಾಕಿ ನಿಂತರು. ಐದು ಗುಂಡು ತುಂಬಿದ ಪಿಸ್ತೂಲನ್ನು ಎರಡೂ ಕೈಯಲ್ಲಿ ಎತ್ತಿದರು. ಅದರ ಮೂತಿ ಗುರಿಯ ಕಾಗದದ ಮೇಲೆ, ಗೋಡೆಯ ಮೇಲೆ, ನೆಲದ ಮೇಲೆ ಓಡಾಡಿತು. ಇಳಿಸಿದರು. ಮತ್ತೆ ಎತ್ತಿದರು. ಮೂರನೆಯ ಸಲ ಮೇಲ್ವಿಚಾರಕರು ಹಿಂದಿನಿಂದ ಬಂದು ಗೆಳೆಯನ ಮೊಣಕೈ ಹಿಡಿದು, "ಖಲಾಸ್, ಯಾ ಅಖೀ" ಎಂದು ಮೆಲ್ಲಗೆ ಹೇಳಿದರು. ಸಾಕು, ತಮ್ಮಾ ಎಂದಂತೆ. ಅಬೂ ಹಮದ್ ಪಿಸ್ತೂಲನ್ನು ಕಟ್ಟೆಯ ಮೇಲಿಟ್ಟರು. ಯಾರ ಮುಖವನ್ನೂ ನೋಡದೆ ನನಗೆ ಹೇಳಿದರು: "ನೀನು."

ನಾನು ಹ್ಯಾಂಡ್‌ಬ್ಯಾಗನ್ನು ಲಾರೆನ್ಸ್ ಕೈಗೆ ಕೊಟ್ಟೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಇಪ್ಪತ್ತೈದು ವರ್ಷ ಕೈಯಲ್ಲಿ ಸೌಟು, ಸ್ಟೇಪ್ಲರು ಬಿಟ್ಟು ಬೇರೇನೂ ಹಿಡಿದವಳಲ್ಲ. ಆದರೆ ಕಾಲುಗಳು ತಾವೇ ಅಗಲವಾದವು, ಭುಜ ತಾನೇ ಇಳಿಯಿತು. ಮೊದಲ ಗುಂಡು ಕೆಳಗೆ ಎಡಕ್ಕೆ ಬಿತ್ತು. ಈ ಪಿಸ್ತೂಲು ನಮ್ಮ ಕ್ಲಬ್ಬಿನ ಪಾಪದ ಟೂಟೂ ಅಲ್ಲ, ಅಂಗೈಯನ್ನು ಒದೆಯುತ್ತಿತ್ತು. ಉಸಿರು ಅರ್ಧ ಬಿಟ್ಟೆ. ಎರಡನೆಯದು, ಮೂರನೆಯದು, ನಾಲ್ಕನೆಯದು, ಐದನೆಯದು. ಕಾಗದ ಹತ್ತಿರ ಬಂದಾಗ ಆ ನಾಲ್ಕೂ ತೂತುಗಳನ್ನು ಒಂದು ಖುಬೂಸ್ ರೊಟ್ಟಿಯ ಕಾಲು ಭಾಗದಿಂದ ಮುಚ್ಚಬಹುದಿತ್ತು. ಮೇಲ್ವಿಚಾರಕರು "ಮಾಶಾಲ್ಲಾಹ್" ಎಂದರು. ಲಾರೆನ್ಸ್ ನನ್ನ ಬ್ಯಾಗನ್ನು ಎದೆಗವಚಿಕೊಂಡು, "ಎಂತ ಮಾರಾಯ್ರೆ ಇದು, ನೀವು ಇಷ್ಟು ವರ್ಷ ನನ್ನ ಪಕ್ಕ ಕೂತದ್ದಾ!" ಎಂದು ಕೂಗಿದರು.

ನನ್ನ ಬದುಕಿನ ಅತ್ಯಂತ ಸಂತೋಷದ ಕ್ಷಣ ಅದು ಎಂದು ಹೇಳಬಹುದಿತ್ತು. ಅಷ್ಟರಲ್ಲಿ ತಿರುಗಿ ಅಬೂ ಹಮದ್ ಅವರ ಮುಖ ನೋಡಿದೆ. ಅವರು ಕಾಗದ ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದರು.

"ಅದು ನಾನಾಗಬೇಕಿತ್ತು" ಎಂದರು.

ಬೈಗುಳವಲ್ಲ, ಅಳುವೂ ಅಲ್ಲ. ಯಾರೋ ತಮ್ಮ ಜಾಗದಲ್ಲಿ ಕೂತಿದ್ದಾರೆ ಎಂದು ತಿಳಿಸುವ ದನಿ. ನಾನು "ಸಾರಿ ಸರ್" ಎಂದೆ. ಯಾಕೆ ಎಂದೆನೋ ಗೊತ್ತಿಲ್ಲ. ಗುರಿಯ ಕಾಗದವನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿಸಿದರು. ಕೇಳಿ ತೆಗೆದುಕೊಳ್ಳುವ ಧೈರ್ಯ ನನಗಾಗಲಿಲ್ಲ. ಮಜ್ಲಿಸ್‌ಗೆ ವಾಪಸ್ ಬಂದು ಎರಡು ಗಂಟೆ ಕೂತು ಪಿಸ್ತೂಲನ್ನು ಬಿಚ್ಚಿ ಸ್ವಚ್ಛ ಮಾಡಿದೆ. ನಳಿಗೆಯೊಳಗೆ ಬಿಳಿ ಬಟ್ಟೆಯ ತುಂಡುಗಳನ್ನು ಒಂದರ ಹಿಂದೊಂದು ತೂರಿಸಿದೆ. ಕಪ್ಪಗೆ ಬಂದದ್ದು ಬೂದಿಯಾಯಿತು, ಬೂದಿ ಬಿಳಿಯಾಯಿತು. ಮಸಿಯ ಒಂದು ಚುಕ್ಕೆ ಉಳಿಯದಂತೆ ಒರೆಸಿ ಮಖಮಲ್ಲಿನಲ್ಲಿ ಮಲಗಿಸಿದೆ. ತಪ್ಪು ಮಾಡಿದವಳು ಗುರುತು ಅಳಿಸುವಂತೆ ಒರೆಸುತ್ತಿದ್ದೇನೆ ಎಂದು ನನಗೆ ಅನ್ನಿಸಿತ್ತು. ಮನೆಯಲ್ಲೂ ಹೇಳಲಿಲ್ಲ.

ಅದಾದ ಮೇಲೆ ಅವರು ಪಟ್ಟಿಗೆಂದು ನನ್ನನ್ನು ಮಜ್ಲಿಸ್‌ಗೆ ಕರೆಯಲಿಲ್ಲ. ಆಫೀಸಿನಲ್ಲಿ ಸಲಾಮಿಗೆ ಸಲಾಮ್, ಅಷ್ಟೇ. ಹೋದ ವರ್ಷ ತೀರಿಕೊಂಡರು. ಲಾರೆನ್ಸ್ ಜೊತೆ ಸಂತಾಪ ಹೇಳಲು ಹೋದಾಗ ಹೆಂಗಸರ ಕಡೆ ಕೂತು ಖರ್ಜೂರ ತಿಂದು ಬಂದೆ.

ನಾಲ್ಕು ತಿಂಗಳ ಹಿಂದೆ ಹಮದ್ ನನ್ನನ್ನು ತಮ್ಮ ಕೋಣೆಗೆ ಕರೆದರು. ತಂದೆಯ ಕುರ್ಚಿ ಬದಲಾಗಿತ್ತು. ಸಂಗ್ರಹವನ್ನೆಲ್ಲ ಪರದೇಶದ ಒಂದು ಹರಾಜು ಸಂಸ್ಥೆಗೆ ಕೊಡುವುದಾಗಿ ಹೇಳಿದರು. ಮರ್ಯಾದಸ್ಥ ಮನುಷ್ಯ, ದನಿ ಏರಿಸುವುದಿಲ್ಲ. ಲಂಡನ್ನಿನಿಂದ ಬಂದ ಪರಿಣತನೊಬ್ಬ ಪಿಸ್ತೂಲನ್ನು ಭೂತಗನ್ನಡಿ ಹಿಡಿದು, ನಳಿಗೆಗೆ ಬೆಳಕು ಬಿಟ್ಟು ನೋಡಿ, ಒಂದೂ ಗುಂಡು ಹಾರಿಸಿಲ್ಲ ಎಂದು ಆಗಲೇ ಬರೆದುಕೊಟ್ಟಿದ್ದ. ಜೊತೆಗೆ ಇಷ್ಟು ವರ್ಷ ಅದರ ಕಾಗದ ನೋಡಿಕೊಂಡವರ ಒಂದು ಹೇಳಿಕೆ ಬೇಕಿತ್ತು. ಒಂದು ಸಾಲು, ಒಂದು ಸಹಿ. 'ನನಗೆ ತಿಳಿದ ಮಟ್ಟಿಗೆ ಈ ಪಿಸ್ತೂಲನ್ನು ಹಾರಿಸಿಲ್ಲ.'

ನಾನು ಪೆನ್ನು ತೆಗೆದೆ. ಕೆಳಗಿಟ್ಟೆ.

"ಸರ್, ಇದನ್ನ ಹಾರಿಸಿದೆ. ಐದು ಗುಂಡು."

"ಬಾಬಾ ಹಾರಿಸಿದರೇ? ಅವರಿಗೆ ಗಾಹ್ವಾ ಕಪ್ಪು ಹಿಡಿಯಲು ಆಗುತ್ತಿರಲಿಲ್ಲ."

"ಅವರಲ್ಲ. ನಾನು."

ಹಮದ್ ನಕ್ಕರು. ಕೆಟ್ಟ ನಗುವಲ್ಲ; ತಂದೆ ತೊಡೆ ತಟ್ಟಿಕೊಂಡು ನಕ್ಕಂಥದೂ ಅಲ್ಲ. ನಾನು ಬೇಕಿಲ್ಲದ ಜಾಗದಲ್ಲಿ ತಮಾಷೆ ಮಾಡಿದೆನೆಂಬಂತೆ. "ಮೇಡಂ, ನೀವೇ?"

"ರೇಂಜಿನಲ್ಲಿ ಕೇಳಿ ಸರ್. ನಿಮ್ಮ ತಂದೆಯ ಗೆಳೆಯರೇ ಇದ್ದಾರೆ. ಲಾರೆನ್ಸೂ ಜೊತೆಗಿದ್ದರು."

"ನಾನು ಯಾಕೆ ಕೇಳಬೇಕು?" ಎಂದರು. ನಗು ಹೋಗಿತ್ತು. ಲಾರೆನ್ಸನ್ನು ಕರೆಸಿದರು. "ನೀನು ಜೊತೆಗಿದ್ದೆಯಂತೆ. ಈ ಪಿಸ್ತೂಲನ್ನು ಯಾರಾದರೂ ಹಾರಿಸಿದ್ದು ನೋಡಿದ್ದೀಯಾ?"

ಲಾರೆನ್ಸ್ ನನ್ನ ಕಡೆ ನೋಡಲಿಲ್ಲ. ನೆಲದ ಟೈಲ್ಸು ನೋಡಿದರು. "ನೆನಪಿಲ್ಲ ಸರ್. ನಾನು ಕಾರಿನಲ್ಲೇ ಕೂತಿದ್ದೆ."

ಎಷ್ಟೋ ವರ್ಷ ನಾನು ತಂದ ಪುಳಿಯೋಗರೆ ಹಂಚಿಕೊಂಡು ತಿಂದ ಮನುಷ್ಯ. ನನ್ನ ಬ್ಯಾಗನ್ನು ಎದೆಗವಚಿಕೊಂಡು ಕೂಗಿದ ಮನುಷ್ಯ. ಹಮದ್ ಪೆನ್ನನ್ನು ಒಂದು ಬೆರಳಿನಿಂದ ನನ್ನ ಕಡೆಗೆ ತಳ್ಳಿದರು. "ನಿಮ್ಮ ಇಬ್ಬರ ಆರ್‌ಪಿ ರಿನೀವಲ್ ಮುಂದಿನ ತಿಂಗಳು ಅಲ್ಲವೇ? ಕಾಗದ ನನ್ನ ಮೇಜಿನ ಮೇಲೇ ಇದೆ" ಎಂದರು, ಬೇರೇನೋ ನೆನಪಾದವರಂತೆ. ಆರ್‌ಪಿ ಎಂದರೆ ಈ ದೇಶದಲ್ಲಿರಲು ಬೇಕಾದ ಪರವಾನಗಿ. ಬೆದರಿಕೆ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಕಾಗದ ನಿಜವಾಗಿಯೂ ಮೇಜಿನ ಮೇಲೇ ಇತ್ತು, ನಾನೇ ಬೆಳಿಗ್ಗೆ ಇಟ್ಟದ್ದು.

ಸಹಿ ಹಾಕಿದೆ. ನನ್ನ ಸಹಿ ದುಂಡಗೆ, ಸ್ಪಷ್ಟವಾಗಿ ಬರುತ್ತದೆ. ಕೈ ಒಂದಿಷ್ಟೂ ನಡುಗಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾದದ್ದು.

ಲಿಫ್ಟಿನಲ್ಲಿ ಲಾರೆನ್ಸ್ ನನ್ನ ಕಡೆ ತಿರುಗಿದರು. "ಬೇಸರ ಮಾಡ್ಬೇಡಿ ಮೇಡಂ. ಮಗಳಿಗೆ ನರ್ಸಿಂಗ್ ಕೊನೇ ವರ್ಷ. ನಾನು ಎಂತ ಹೇಳ್ಲಿಕ್ಕೆ ಆಗ್ತದೆ? ಅವರು ತೀರಿಕೊಂಡಾಯ್ತು, ಪಿಸ್ತೂಲು ಹೋಗ್ತದೆ. ನಮಗೆ ಎಂತ ಅದ್ರಲ್ಲಿ?"

"ನಿಮಗೇನೂ ಇಲ್ಲ ಲಾರೆನ್ಸ್" ಎಂದೆ. "ಇದ್ದದ್ದು ನನಗೆ. ಅಷ್ಟೇ ಇದ್ದದ್ದು."

ಲಿಫ್ಟಿನ ಬಾಗಿಲು ತೆರೆಯಿತು. ಅವರು ಈಗಲೂ ಪಕ್ಕದ ಮೇಜಿನಲ್ಲೇ ಕೂತಿದ್ದಾರೆ, ಈಗಲೂ ಮೇಡಂ ಎನ್ನುತ್ತಾರೆ. ಪುಳಿಯೋಗರೆಯನ್ನು ಮಾತ್ರ ನಾನು ಒಬ್ಬಳೇ ತಿನ್ನುತ್ತೇನೆ. ಇದು ಸಣ್ಣತನ ಎಂದು ಗೊತ್ತು. ಸಣ್ಣತನಕ್ಕಾದರೂ ನನಗೆ ಹಕ್ಕಿರಲಿ.

ಆ ಶುಕ್ರವಾರ ಮಧ್ಯಾಹ್ನದ ಊಟಕ್ಕೆ ಕೂತಾಗ ಮುರಳಿಗೆ ಎಲ್ಲ ಹೇಳಿಬಿಟ್ಟೆ. ಹವಾಲ್ದಾರರಿಂದ ಹಿಡಿದು ದೆಹಲಿಯ ಕಾಗದ, ರೇಂಜು, ಐದು ಗುಂಡು, ಲಾರೆನ್ಸ್ ನೆಲ ನೋಡಿದ್ದು, ಎಲ್ಲ. ಮದುವೆಯಾದ ಮೇಲೆ ನಾನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಅವರು ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿದರು. ಮುಖದಲ್ಲಿ ಚಿಂತೆ ಕಂಡಿತು. ನನಗೆ ಒಂದು ಕ್ಷಣ ಆಸೆಯೂ ಆಯಿತು.

"ಸೈನ್ ಹಾಕ್ದೆ ತಾನೆ?" ಎಂದು ಕೇಳಿದರು.

"ಹಾಕ್ದೆ."

"ಸದ್ಯ" ಎಂದು ಮೊಸರಿನ ಪಾತ್ರೆಗೆ ಕೈ ಚಾಚಿದರು.

ಕಳೆದ ತಿಂಗಳು ಹರಾಜಿನ ಕ್ಯಾಟಲಾಗಿನ ಕರಡು ನನ್ನ ಕಂಪ್ಯೂಟರಿಗೆ ಬಂತು, ಕಾಗದದ ಕೆಲಸ ನನ್ನದಾದ್ದರಿಂದ. ಹದಿಮೂರನೆಯ ಪುಟದಲ್ಲಿ ಅದರ ಚಿತ್ರವಿತ್ತು, ಗಿಡುಗ ರೆಕ್ಕೆ ಬಿಚ್ಚಿಕೊಂಡೇ ಇತ್ತು. ಕೆಳಗೆ ವಿವರ: ನೂರರಲ್ಲಿ ನಲವತ್ತೊಂದನೆಯದು, ಕಾರ್ಖಾನೆ ಬಿಟ್ಟ ಮೇಲೆ ಎಂದೂ ಹಾರಿಸಿಲ್ಲ, ಮೂಲ ಪೆಟ್ಟಿಗೆ ಸಮೇತ. ಹಿಡಿ ಬೀಟೆ ಮರದ್ದು ಎಂದು ಬರೆದಿದ್ದರು. ನಾನು ಎರಡು ಸಲ ಓದಿದೆ. ಸುಮ್ಮನೆ ಮುಚ್ಚಬಹುದಿತ್ತು. ಆದರೆ ಹದಿನಾರು ವರ್ಷದ ಅಭ್ಯಾಸ ಕೇಳಬೇಕಲ್ಲ. ಪುಟ ಹದಿಮೂರರಲ್ಲಿ ಒಂದು ತಪ್ಪಿದೆ, ಹಿಡಿ ಬೀಟೆಯದಲ್ಲ, ಆಕ್ರೋಟ್ ಮರದ್ದು, ದಯವಿಟ್ಟು ಸರಿಪಡಿಸಿ ಎಂದು ಈಮೇಲ್ ಕಳಿಸಿದೆ.

ಹತ್ತು ನಿಮಿಷದಲ್ಲಿ ಉತ್ತರ ಬಂತು. ಸರಿಪಡಿಸಿದ್ದೇವೆ, ನಿಮ್ಮ ನಿಖರತೆಗೆ ಧನ್ಯವಾದಗಳು.